ವ್ಯಸನಿಗೆ ಬೇಕಾದುದು ಬೇಡಿಯೋ, ಔಷಧವೋ?

ಎರಡು ವರ್ಷಗಳ ಹಿಂದಿನ ಮಾತು. ಚಾತುರ್ಮಾಸದ ದಿನಗಳು. ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ ಸೊಲ್ಲಾಪುರದ ನಮ್ಮ ಮನೆಗೆ ಅಕ್ಕಲಕೋಟದಿಂದ ಒಬ್ಬ ಆಪ್ತರು ಬಂದರು. ಮೂರು ತಲೆಮಾರಿನಿಂದ ಕಿರಾಣಿ ವ್ಯಾಪಾರ ನಡೆಸಿಕೊಂಡು ಬಂದ ಮನೆತನ. ಬಸದಿಯ ಕಾರ್ಯಕ್ರಮಗಳಲ್ಲಿ ಸದಾ ಮುಂದೆ ನಿಲ್ಲುವವರು. ರಾತ್ರಿಯಾದುದರಿಂದ ನೀರನ್ನೂ ಮುಟ್ಟಲಿಲ್ಲ. ಬಾಗಿಲು ಹಾಕಿಸಿ, ಧ್ವನಿ ತಗ್ಗಿಸಿ ಒಂದೇ ಮಾತು ಕೇಳಿದರು: “ಅಣ್ಣಾರ, ಹುಡುಗನ್ನ ದವಾಖಾನಿಗೆ ಒಯ್ದ್ರ ಪೊಲೀಸರಿಗೆ ಗೊತ್ತಾಗತೈತಿ. ಒಯ್ಯಲಿಲ್ಲಂದ್ರ ಹುಡುಗ ಕೈಗೆ ಸಿಗಂಗಿಲ್ಲ. ಯಾವುದು ಮಾಡ್ಲಿ, ನೀವ ಹೇಳ್ರಿ.”

ಮಗ ಹೊರ ಊರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಗೆಳೆಯರ ಸಂಗದಲ್ಲಿ ಗಾಂಜಾ ಸೇದಲು ಕಲಿತಿದ್ದ. ಒಂದು ದಿನ ಜೇಬಿನಲ್ಲಿ ಸಣ್ಣ ಪುಡಿಕೆಯೊಡನೆ ಸಿಕ್ಕಿಬಿದ್ದ. ಪ್ರಕರಣವಾಯಿತು, ವಕೀಲರಾಯಿತು, ದಂಡವಾಯಿತು. ಕಾಲೇಜು ಬಿಟ್ಟಿತು. ಊರಿಗೆ ಬಂದವನನ್ನು ಮನೆಯವರು ಅಂಗಡಿಯಲ್ಲಿ ಕೂರಿಸಲಿಲ್ಲ. ಗಿರಾಕಿಗಳು ಕೇಳಿದರೆ ಏನು ಹೇಳುವುದು? ಮಾಳಿಗೆಯ ಕೋಣೆಯಲ್ಲಿ ಒಂಟಿಯಾಗಿ ಕುಳಿತ ಹುಡುಗ ಗಾಂಜಾದಿಂದ ಎಂ.ಡಿ. ಎಂಬ ಬಿಳಿಯ ಪುಡಿಗೆ ಹೋದ. ನಡುವೆ ಯಾರೋ ಹೇಳಿದರೆಂದು ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಔಷಧಕ್ಕಿಂತ ಹೊಡೆತವೇ ಹೆಚ್ಚು ಸಿಕ್ಕಿತು. ಇತ್ತ ಮಗಳ ಲಗ್ನದ ಮಾತುಕತೆ ನಡೆದಿತ್ತು. ತಂದೆಯ ಸಂಕಟ ಯಾರಿಗಾದರೂ ಅರ್ಥವಾಗುವಂಥದು.

ಆ ರಾತ್ರಿ ನಮ್ಮಲ್ಲಿ ಅವರಿಗೆ ಕೊಡಲು ಉತ್ತರವಿರಲಿಲ್ಲ. ಮರುದಿನದಿಂದ ವಕೀಲರನ್ನು, ವೈದ್ಯರನ್ನು ಕೇಳುತ್ತಾ, ಕಾನೂನಿನ ಪುಸ್ತಕಗಳನ್ನು ನೋಡುತ್ತಾ ಹೋದೆವು. ತಿಳಿದ ಸಂಗತಿಗಳನ್ನು ಸಮಾಜ ಬಾಂಧವರ ಮುಂದೆ ಇಡುವುದು ಕರ್ತವ್ಯವೆಂದು ಭಾವಿಸಿ ಈ ಲೇಖನ ಬರೆಯುತ್ತಿದ್ದೇವೆ. ಮದ್ಯವಾಗಲಿ, ಗಾಂಜಾವಾಗಲಿ ಒಳ್ಳೆಯದೆಂದು ನಾವು ಹೇಳುವುದಿಲ್ಲ. ಸಪ್ತ ವ್ಯಸನಗಳಲ್ಲಿ ಮದ್ಯವೂ ಒಂದೆಂದು ಬಾಲ್ಯದಲ್ಲೇ ಪಾಠಶಾಲೆಯಲ್ಲಿ ಕಲಿತವರು ನಾವು. ನಮ್ಮ ಪ್ರಶ್ನೆ ಬೇರೆ. ವ್ಯಸನಕ್ಕೆ ಬಿದ್ದವನನ್ನು ಜೈಲಿಗೆ ಕಳಿಸಿದರೆ ವ್ಯಸನ ಬಿಡುತ್ತದೆಯೇ?

ನಮ್ಮ ಜಿಲ್ಲೆ ಕಂಡ ಪಾನನಿಷೇಧ

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಸೊಲ್ಲಾಪುರ ಜಿಲ್ಲೆ ಅಂದು ಮುಂಬಯಿ ಪ್ರಾಂತ್ಯದಲ್ಲಿತ್ತು. ಅಕ್ಕಲಕೋಟ ಸಂಸ್ಥಾನವೂ 1948ರಲ್ಲಿ ಅದೇ ಪ್ರಾಂತ್ಯದಲ್ಲಿ ವಿಲೀನವಾಯಿತು. 1949ರ ಮುಂಬಯಿ ಪಾನನಿಷೇಧ ಕಾಯಿದೆಯಂತೆ 1950ರ ಏಪ್ರಿಲ್ ತಿಂಗಳಿಂದ ಇಡೀ ಪ್ರಾಂತ್ಯದಲ್ಲಿ ಸಂಪೂರ್ಣ ಪಾನನಿಷೇಧ ಬಂತು. ಕುಡಿಯುವುದೂ ಅಪರಾಧವಾಯಿತು. ಉದ್ದೇಶ ಪವಿತ್ರವಾದುದು, ಗಾಂಧೀಜಿಯವರ ಆಶಯದ್ದು. ನಮ್ಮ ಹಿರಿಯರೂ ಮನಃಪೂರ್ವಕ ಸ್ವಾಗತಿಸಿದರು.

ಆದರೆ ಆದದ್ದೇನು? ಸರಕಾರದ ಲೆಕ್ಕದಲ್ಲಿದ್ದ ಅಂಗಡಿ ಮುಚ್ಚಿತು, ಹಳ್ಳದ ದಂಡೆಯಲ್ಲಿ ಹಾತಭಟ್ಟಿ ಹುಟ್ಟಿತು. ಶ್ರೀಮಂತರಿಗೆ ಆರೋಗ್ಯದ ಕಾರಣ ತೋರಿಸಿ ಪರವಾನಗಿ ಸಿಗುತ್ತಿತ್ತು. ಬಡವನಿಗೆ ಕಳ್ಳಭಟ್ಟಿ ಸಾರಾಯಿಯೇ ಗತಿಯಾಯಿತು. 1960ರ ದಶಕದಲ್ಲಿ ಸರಕಾರವೇ ಪಾನನಿಷೇಧವನ್ನು ಸಡಿಲಿಸಿ ಅಂಗಡಿಗಳಿಗೆ ಅನುಮತಿ ಕೊಡತೊಡಗಿತು. ಆದರೆ ಹುಟ್ಟಿಕೊಂಡ ಹಾತಭಟ್ಟಿ ಹೋಗಲಿಲ್ಲ. ಪರವಾನಗಿ ಇಲ್ಲದೆ ಕುಡಿಯುವುದು ಮಹಾರಾಷ್ಟ್ರದಲ್ಲಿ ಇಂದಿಗೂ ಕಾಗದದ ಮೇಲೆ ಅಪರಾಧವೇ. ಕುಡಿಯುವವರಲ್ಲಿ ಎಷ್ಟು ಜನರ ಹತ್ತಿರ ಪರವಾನಗಿ ಇದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಗುಪ್ತವಾಗಿ ತಯಾರಾಗುವ ವಸ್ತುವಿನಲ್ಲಿ ಏನಿದೆ ಎಂದು ನೋಡುವವರು ಯಾರೂ ಇರುವುದಿಲ್ಲ. 2015ರ ಜೂನ್ ತಿಂಗಳಲ್ಲಿ ಮುಂಬಯಿಯ ಮಾಲವಣಿಯಲ್ಲಿ ಕಾರ್ಖಾನೆಗಳಲ್ಲಿ ಬಳಸುವ ಮಿಥೆನಾಲ್ ಬೆರೆತ ಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಬಹುಪಾಲು ಕೂಲಿಕಾರರು. ಇಂಥ ವಿಷ ಕುಡಿದವನಿಗೆ ಮೊದಲ ಕೆಲವು ತಾಸುಗಳಲ್ಲಿ ಚಿಕಿತ್ಸೆ ಸಿಕ್ಕರೆ ಜೀವ ಉಳಿಯಬಹುದು, ಕಣ್ಣೂ ಉಳಿಯಬಹುದು. ಆದರೆ ಕೇಸಾಗುತ್ತದೆಂಬ ಭಯದಿಂದ ತಡಮಾಡುವವರೇ ಹೆಚ್ಚು. ಕಾನೂನಿನ ಭಯ ಕುಡಿಯುವುದನ್ನು ತಪ್ಪಿಸಲಿಲ್ಲ, ದವಾಖಾನೆಗೆ ಹೋಗುವುದನ್ನು ತಪ್ಪಿಸಿತು.

ಬೆಲ್ಲ ಯಾರ ಅಂಗಡಿಯದು?

ಇಲ್ಲಿ ನಾವು ವ್ಯಾಪಾರಸ್ಥರು ನಮ್ಮನ್ನೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ಹಾತಭಟ್ಟಿಗೆ ಬೇಕಾಗುವುದು ಕಪ್ಪು ಬೆಲ್ಲ ಮತ್ತು ನವಸಾಗರ. ಇವು ತಾಂಡಾದಲ್ಲಿ ಬೆಳೆಯುವುದಿಲ್ಲ, ಪೇಟೆಯಿಂದ ಹೋಗುತ್ತವೆ. ನಮ್ಮ ತಂದೆಯವರ ಕಾಲದಲ್ಲಿ ನಮ್ಮ ಅಂಗಡಿಯಿಂದಲೂ ಕಪ್ಪು ಬೆಲ್ಲದ ರವೆಗಳು ಹೋಗಿವೆ. “ದನಕ್ಕೆ ಬೇಕು” ಎಂದು ಕೇಳುತ್ತಿದ್ದರು, ನಾವು ತೂಗಿ ಕೊಡುತ್ತಿದ್ದೆವು. ಒಂದು ಎತ್ತಿಗೆ ವಾರಕ್ಕೆ ಎಷ್ಟು ಬೆಲ್ಲ ಬೇಕೆಂದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ರೊಕ್ಕ ಜಮಾ ಆದಮೇಲೆ ಮುಂದಿನದು ನಮ್ಮ ಸಂಬಂಧವಲ್ಲವೆಂದು ಸುಮ್ಮನಿದ್ದೆವು. ಪೊಲೀಸರು ಬಂದಾಗ ಒಡೆದದ್ದು ತಾಂಡಾದ ಹೆಂಗಸಿನ ಕೊಡ, ಜೈಲಿಗೆ ಹೋದದ್ದು ಅವಳು. ಬೆಲ್ಲ ಮಾರಿದ ನಮ್ಮ ಮಾನಕ್ಕೆ ಕುಂದು ಬರಲಿಲ್ಲ. ಈ ಮಾತು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ.

ಸೊಲ್ಲಾಪುರದ ಹತ್ತಿರದ ಮುಳೇಗಾಂವ ತಾಂಡಾದ ಹೆಸರು ಎಷ್ಟೋ ವರ್ಷ ಹಾತಭಟ್ಟಿಯೊಂದಿಗೇ ಕೇಳಿಬರುತ್ತಿತ್ತು. ಧಾಳಿಯಾಗುವುದು, ಸಾಮಾನು ನಾಶ ಮಾಡುವುದು, ಕೇಸು ಹಾಕುವುದು, ಜಾಮೀನಿನ ಮೇಲೆ ಬಂದವರು ಮತ್ತೆ ಭಟ್ಟಿ ಹಚ್ಚುವುದು. ವಕೀಲರ ಖರ್ಚು ತೀರಿಸಲು ಭಟ್ಟಿಯೇ ಬೇಕು. ಈ ಗಾಣದ ಸುತ್ತು ತಪ್ಪಿಸಲು 2021ರಲ್ಲಿ ಸೊಲ್ಲಾಪುರ ಗ್ರಾಮೀಣ ಪೊಲೀಸ್ ಅಧೀಕ್ಷಕರಾಗಿದ್ದ ಶ್ರೀಮತಿ ತೇಜಸ್ವಿ ಸಾತಪುತೆಯವರು ‘ಆಪರೇಶನ್ ಪರಿವರ್ತನ್’ ಎಂಬ ಕಾರ್ಯಕ್ರಮ ಆರಂಭಿಸಿದರು. ಹಾತಭಟ್ಟಿ ನಡೆಯುವ ಒಂದೊಂದು ಊರನ್ನು ಒಬ್ಬೊಬ್ಬ ಅಧಿಕಾರಿ ದತ್ತು ತೆಗೆದುಕೊಂಡರು. ಧಾಳಿ ನಿಲ್ಲಿಸಲಿಲ್ಲ. ಆದರೆ ಧಾಳಿಯ ಜೊತೆಗೆ ಮನೆಮನೆಗೆ ಹೋಗಿ ತಿಳಿಹೇಳುವುದು, ಬೇರೆ ಉದ್ಯೋಗಕ್ಕೆ ದಾರಿ ತೋರಿಸುವುದು, ಸರಕಾರಿ ಯೋಜನೆಗಳ ಲಾಭ ದೊರಕಿಸುವುದು ಸೇರಿಕೊಂಡಿತು. ಅನೇಕ ಕುಟುಂಬಗಳು ಹೊಲಿಗೆ, ಕಿರುವ್ಯಾಪಾರ, ಪಶುಪಾಲನೆ ಮುಂತಾದ ಕೆಲಸ ಹಿಡಿದವು. ಕೇವಲ ಕೊಡ ಒಡೆಯುವುದರಿಂದ ಆಗದ ಕೆಲಸ, ಬದುಕಿಗೆ ಇನ್ನೊಂದು ದಾರಿ ಕೊಟ್ಟಾಗ ಆಗತೊಡಗಿತು ಎಂಬುದು ಗಮನಿಸಬೇಕಾದ ಸಂಗತಿ.

ಹಣೆಯ ಮೇಲಿನ ಮುದ್ರೆ

ಒಮ್ಮೆ ‘ಅಪರಾಧಿ’ ಎಂಬ ಮುದ್ರೆ ಬಿದ್ದರೆ ಅದು ಎಷ್ಟು ಕಾಲ ಅಂಟಿಕೊಳ್ಳುತ್ತದೆ ಎಂಬುದಕ್ಕೂ ಸೊಲ್ಲಾಪುರವೇ ಸಾಕ್ಷಿ. 1871ರಲ್ಲಿ ಬ್ರಿಟಿಷರು ಮಾಡಿದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯ ಅಡಿಯಲ್ಲಿ ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆಸಿಕೊಂಡ ಜಾತಿಗಳ ಜನರನ್ನು ತಂತಿಬೇಲಿಯ ಒಳಗೆ ಇಟ್ಟ ದೊಡ್ಡ ವಸಾಹತು ನಮ್ಮ ಊರಿನಲ್ಲಿತ್ತು. ಹಾಜರಿ ಕೊಡದೆ ಹೊರಗೆ ಹೋಗುವಂತಿರಲಿಲ್ಲ. 1952ರಲ್ಲಿ ಆ ಕಾಯಿದೆ ರದ್ದಾಯಿತು, ಬೇಲಿ ಹೋಯಿತು. ಆದರೆ ಆ ಭಾಗವನ್ನು ಜನ ಇಂದಿಗೂ ‘ಸೆಟಲಮೆಂಟ್’ ಎಂದೇ ಕರೆಯುತ್ತಾರೆ. ಅಲ್ಲಿಯ ಹುಡುಗ ಕೆಲಸ ಕೇಳಿಕೊಂಡು ಬಂದರೆ ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ನಮ್ಮ ಕೈ ತಾನಾಗಿ ಹೋಗುತ್ತದೆ. ಕಾನೂನು ಅಳಿಸಿದ ಮುದ್ರೆಯನ್ನು ಸಮಾಜ ಅಳಿಸಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗನ ಹಣೆಯ ಮೇಲೆ ಅಂಥದೇ ಮುದ್ರೆ ಒತ್ತುವ ಮೊದಲು ನೂರು ಸಲ ಯೋಚಿಸಬೇಡವೇ?

ಕಾನೂನು ಹೇಳುವುದೇನು?

ಗಾಂಜಾ, ಅಫೀಮು ಮುಂತಾದವುಗಳಿಗೆ ಸಂಬಂಧಿಸಿದ ಮುಖ್ಯ ಕಾಯಿದೆ 1985ರದು. ಎನ್.ಡಿ.ಪಿ.ಎಸ್. ಎಂದು ಅದನ್ನು ಕರೆಯುತ್ತಾರೆ. ಅದಕ್ಕಿಂತ ಮೊದಲು ಎಷ್ಟೋ ಪ್ರಾಂತ್ಯಗಳಲ್ಲಿ ಸರಕಾರದ ಪರವಾನಗಿಯ ಅಂಗಡಿಗಳಲ್ಲೇ ಗಾಂಜಾ ಸಿಗುತ್ತಿತ್ತು. 1893-94ರಲ್ಲಿ ಬ್ರಿಟಿಷ್ ಸರಕಾರ ನೇಮಿಸಿದ ಆಯೋಗ ದೇಶವೆಲ್ಲ ಸುತ್ತಿ, ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ನಿಯಂತ್ರಣ ಸಾಕೆಂದು ವರದಿ ಕೊಟ್ಟಿತ್ತು. 1961ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸೇರಿದ್ದರಿಂದ ಕಠಿಣ ಕಾನೂನು ಮಾಡಬೇಕಾಯಿತು. ಆಗಲೂ ಭಂಗಿ ಸೊಪ್ಪನ್ನು ಈ ಕಾಯಿದೆಯ ಹೊರಗಿಟ್ಟರು. ಒಂದೇ ಗಿಡದ ಎಲೆ ಹಬ್ಬದ ಪಾನಕಕ್ಕೆ, ಹೂವು ಜೈಲಿಗೆ!

2001ರ ತಿದ್ದುಪಡಿಯಲ್ಲಿ ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ ಎಂಬ ಭೇದ ಬಂತು. ಗಾಂಜಾಕ್ಕೆ 1 ಕಿಲೋವರೆಗೆ ಅಲ್ಪ ಪ್ರಮಾಣ, 20 ಕಿಲೋಗೆ ಮೇಲ್ಪಟ್ಟದ್ದು ವಾಣಿಜ್ಯ ಪ್ರಮಾಣ. ಹೆರಾಯಿನ್ ಆದರೆ 5 ಗ್ರಾಂವರೆಗೆ ಅಲ್ಪ. ವಾಣಿಜ್ಯ ಪ್ರಮಾಣಕ್ಕೆ 10ರಿಂದ 20 ವರ್ಷ ಸೆರೆವಾಸ. ಇದು ಯೋಗ್ಯವಾದ ಭೇದವೇ. ಆದರೆ ಗಾಂಜಾ ಸೇದಿದವನಿಗೂ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅಂದರೆ ಸೇವಿಸಿದವನು ಇಂದಿಗೂ ಅಪರಾಧಿಯೇ.

ಈ ಕಾನೂನಿನ ಬಲೆಗೆ ಬೀಳುವವರು ಯಾರು? ವಿಧಿ ಸೆಂಟರ್ ಫಾರ್ ಲೀಗಲ್ ಪಾಲಿಸಿ ಎಂಬ ಸಂಸ್ಥೆ ಮುಂಬಯಿ ನ್ಯಾಯಾಲಯಗಳ 2017 ಮತ್ತು 2018ರ ಹತ್ತು ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ಪರಿಶೀಲಿಸಿತು. ಬಹುತೇಕ ಎಲ್ಲವೂ ಸೇವನೆಯ ಪ್ರಕರಣಗಳು, ಹೆಚ್ಚಿನವು ಗಾಂಜಾದವು. ಸಿಕ್ಕಿಬಿದ್ದವರು ಬಹುಪಾಲು ಕೂಲಿಕಾರರು, ಬೀದಿ ಬದಿಯಲ್ಲಿ ಮಲಗುವವರು. ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಹೊರಗೆ ಬಂದವರು. ಇವರಲ್ಲಿ ವ್ಯಸನ ಬಿಟ್ಟವರೆಷ್ಟು ಎಂದು ಕೇಳುವ ಕೆಲಸ ಯಾವ ನ್ಯಾಯಾಲಯದ್ದೂ ಅಲ್ಲ.

ಇತ್ತ ದೊಡ್ಡ ದಂಧೆ ಎಲ್ಲಿ ನಡೆಯುತ್ತದೆ? 2023ರ ಅಕ್ಟೋಬರ್ ತಿಂಗಳಲ್ಲಿ ನಮ್ಮ ಮಗ್ಗುಲಲ್ಲೇ, ಚಿಂಚೋಳಿ ಎಂ.ಐ.ಡಿ.ಸಿ.ಯಲ್ಲಿ, ಎಂ.ಡಿ. ತಯಾರಿಸುತ್ತಿದ್ದ ಕಾರ್ಖಾನೆಯ ಮೇಲೆ ಮುಂಬಯಿ ಪೊಲೀಸರು ಧಾಳಿ ಮಾಡಿ ಕೋಟಿಗಟ್ಟಲೆ ಬೆಲೆಯ ಮಾಲು ಹಿಡಿದರು. ಇಂಥದನ್ನು ಹಿಡಿಯಲು ಪೊಲೀಸರಿಗೆ ಸಮಯ ಬೇಕು, ಬುದ್ಧಿ ಬೇಕು, ಜನ ಬೇಕು. ಬೀಡಿಯಲ್ಲಿ ಗಾಂಜಾ ತುಂಬಿ ಸೇದಿದವನ ಕಾಗದಪತ್ರ ತಯಾರಿಸುವುದರಲ್ಲೇ ಅವರ ದಿನ ಕಳೆದರೆ ಲಾಭ ಯಾರಿಗೆ?

ಹೆಚ್ಚಿನ ಜನರಿಗೆ ತಿಳಿಯದ ಕಲಮು

ಅಕ್ಕಲಕೋಟದ ತಂದೆಯ ಪ್ರಶ್ನೆಗೆ ಉತ್ತರ ಆ ಕಾಯಿದೆಯಲ್ಲೇ ಇತ್ತು. ಅದರ 64-ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮುಂದೆ ಬಂದು ಸರಕಾರದ ಅಥವಾ ಸರಕಾರದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಖಟ್ಲೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹೋಗಬಹುದು. 39ನೆಯ ಕಲಮಿನಂತೆ ತಪ್ಪಿತಸ್ಥನೆಂದು ತೀರ್ಮಾನವಾದ ವ್ಯಸನಿಯನ್ನೂ ನ್ಯಾಯಾಲಯ ಜೈಲಿನ ಬದಲು ಚಿಕಿತ್ಸೆಗೆ ಕಳಿಸಬಹುದು. ಇದಲ್ಲದೆ 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾದ ತೊಂದರೆಯನ್ನೂ ಮಾನಸಿಕ ಕಾಯಿಲೆಯಲ್ಲಿ ಸೇರಿಸಿದೆ. ರೋಗಿಯ ಮಾಹಿತಿ ಗುಪ್ತವಾಗಿರಬೇಕೆಂಬುದು ಅದರಲ್ಲಿ ಹಕ್ಕು. ರೋಗಿಯನ್ನು ಸರಪಳಿಯಿಂದ ಕಟ್ಟುವುದು ನಿಷಿದ್ಧ.

ಇಷ್ಟೆಲ್ಲ ಇದ್ದೂ ಭಯ ಹೋಗಿಲ್ಲ. ಏಕೆಂದರೆ ಮೊದಲು ಅಪರಾಧಿ, ಆಮೇಲೆ ವಿನಾಯಿತಿ ಎಂಬ ಕ್ರಮ ಕಾನೂನಿನಲ್ಲಿದೆ. 2021ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವೇ ಸ್ವಂತ ಸೇವನೆಗಾಗಿ ಅಲ್ಪ ಪ್ರಮಾಣ ಇಟ್ಟುಕೊಳ್ಳುವುದನ್ನು ಅಪರಾಧದ ಪಟ್ಟಿಯಿಂದ ತೆಗೆದು, ಅಂಥವರನ್ನು ಚಿಕಿತ್ಸೆಗೆ ಕಳಿಸಬೇಕೆಂದು ಸಲಹೆ ಮಾಡಿತ್ತು. ಕಾನೂನು ಹಾಗೆ ಬದಲಾಗಲಿಲ್ಲ. ಬದಲಾಗಬೇಕೆಂಬುದು ನಮ್ಮ ಅಭಿಪ್ರಾಯ. ಮಾರುವವನಿಗೆ ಶಿಕ್ಷೆ ಇರಲಿ, ಬಿದ್ದವನಿಗೆ ಚಿಕಿತ್ಸೆ ಇರಲಿ.

ಹೀಗೆ ಮಾಡಿದರೆ ಹುಡುಗರು ಕೆಡುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಪೋರ್ಚುಗಲ್ ದೇಶ 2001ರ ಜುಲೈನಿಂದ ಹತ್ತು ದಿನಕ್ಕೆ ಸಾಕಾಗುವಷ್ಟು ಮಾದಕ ವಸ್ತು ಸಿಕ್ಕವನನ್ನು ಜೈಲಿಗೆ ಕಳಿಸದೆ, ಕಾನೂನು, ಆರೋಗ್ಯ ಮತ್ತು ಸಮಾಜಸೇವೆ ಬಲ್ಲವರ ಸಮಿತಿಯ ಮುಂದೆ ಕರೆಸುತ್ತದೆ. ವಸ್ತು ಅಲ್ಲಿಯೂ ನಿಷಿದ್ಧವೇ, ಮಾರಿದವನಿಗೆ ಶಿಕ್ಷೆಯೂ ಇದೆ. ಸೂಜಿಯಿಂದ ಹರಡುವ ಎಚ್.ಐ.ವಿ. ಸೋಂಕು ಅಲ್ಲಿ ಬಹಳ ಇಳಿಯಿತು. ಅಮೆರಿಕೆಯ ಓರೆಗಾನ್ ರಾಜ್ಯ 2021ರಲ್ಲಿ ಶಿಕ್ಷೆಯನ್ನು ತೆಗೆಯಿತು. ಆದರೆ ಚಿಕಿತ್ಸೆಯ ವ್ಯವಸ್ಥೆ ಸಿದ್ಧವಾಗಿರಲಿಲ್ಲ. ಬೀದಿಗಳಲ್ಲಿ ತೊಂದರೆ ಕಂಡು ಜನ ಬೇಸತ್ತರು, 2024ರಲ್ಲಿ ಶಿಕ್ಷೆ ಮತ್ತೆ ಬಂತು. ಬೇಡಿ ತೆಗೆದರೆ ಸಾಲದು, ಔಷಧ ಕೈಯಲ್ಲಿರಬೇಕು ಎಂಬುದೇ ಇದರ ಪಾಠ. ನಮ್ಮ ದೇಶದಲ್ಲಿ ಕೊರತೆ ಇರುವುದೂ ಅಲ್ಲಿಯೇ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 16 ಕೋಟಿ ಜನ ಮದ್ಯ, 3.1 ಕೋಟಿ ಜನ ಭಂಗಿ-ಗಾಂಜಾದಂಥವು, 2.26 ಕೋಟಿ ಜನ ಅಫೀಮು-ಹೆರಾಯಿನ್‌ದಂಥವು ಸೇವಿಸುತ್ತಿದ್ದರು. ಇಷ್ಟು ಜನರಿಗೆ ಜೈಲೂ ಸಾಲದು, ದವಾಖಾನೆಯೂ ಸಾಲದು. ಕಟ್ಟುವುದಾದರೆ ದವಾಖಾನೆಯನ್ನೇ ಕಟ್ಟೋಣ.

ನಮ್ಮ ಮನೆ, ನಮ್ಮ ಅಂಗಡಿ

ಸರಕಾರ ಬದಲಾಗುವವರೆಗೆ ನಾವು ಕಾಯಬೇಕಾಗಿಲ್ಲ. ಮನೆಯಲ್ಲಿ ನಾವೂ ಒಂದು ಸಣ್ಣ ಜೈಲು ನಡೆಸುತ್ತಿದ್ದೇವಲ್ಲ! ಮಾಳಿಗೆಯ ಕೋಣೆ, ಮಾತು ಬಿಡುವುದು, ಲಗ್ನಕ್ಕೆ ಕರೆದೊಯ್ಯದಿರುವುದು, ಇವೆಲ್ಲ ಶಿಕ್ಷೆಗಳೇ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ ಎಂಬವು ಜೊತೆಜೊತೆಗೆ ಬರುತ್ತವೆ. ಎಡವಿದವನ ದೋಷವನ್ನು ಬಯಲಿಗೆಳೆಯದಿರುವುದು ಉಪಗೂಹನ. ಅವನನ್ನು ಮತ್ತೆ ದಾರಿಗೆ ತಂದು ನಿಲ್ಲಿಸುವುದು ಸ್ಥಿತಿಕರಣ. ನಾವು ಮೊದಲನೆಯದನ್ನೇ ತಪ್ಪಾಗಿ ಹಿಡಿದು, ದೋಷದ ಜೊತೆಗೆ ರೋಗವನ್ನೂ ಮುಚ್ಚಿಡುತ್ತೇವೆ. ಎರಡನೆಯದನ್ನು ಮರೆಯುತ್ತೇವೆ. ವಾರಿಷೇಣ ಮುನಿಗಳು ಮನಸ್ಸು ಚಂಚಲವಾದ ತಮ್ಮ ಗೆಳೆಯನನ್ನು ಸಂಘದಿಂದ ಹೊರಗೆ ಹಾಕಲಿಲ್ಲ, ಜೊತೆಗೆ ನಡೆದು ಸ್ಥಿರಗೊಳಿಸಿದರು.

ವೈದ್ಯರು ನಮಗೆ ಹೇಳಿದ ಕೆಲವು ಮಾತುಗಳನ್ನು ತಾಯಂದಿರೂ ಹಿರಿಯರೂ ನೆನಪಿಡಬೇಕು. ದಿನವೂ ಬಹಳ ಕುಡಿಯುವವನನ್ನು ಒಮ್ಮೆಲೆ ಮನೆಯಲ್ಲಿ ಕೂಡಿಹಾಕಿ ಬಿಡಿಸಬಾರದು. ಮೂರ್ಛೆ, ಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು, ಆ ಕೆಲಸ ದವಾಖಾನೆಯಲ್ಲೇ ಆಗಬೇಕು. ಅಫೀಮು, ಹೆರಾಯಿನ್ ವ್ಯಸನಕ್ಕೆ ಪರಿಣಾಮಕಾರಿ ಔಷಧಗಳಿವೆ. ಬಿಟ್ಟವನು ಮತ್ತೊಮ್ಮೆ ಎಡವುವುದು ಈ ರೋಗದ ಸ್ವಭಾವ, ಹಾಗಾದರೆ ಎಲ್ಲ ಮುಗಿಯಿತೆಂದು ತಿಳಿಯಬಾರದು. ಖಾಸಗಿ ಕೇಂದ್ರಕ್ಕೆ ಕಳಿಸುವ ಮೊದಲು ನೋಂದಣಿ ಇದೆಯೇ, ವೈದ್ಯರು ಬರುತ್ತಾರೆಯೇ, ಮನೆಯವರಿಗೆ ಭೇಟಿ ಉಂಟೇ ಎಂದು ಕೇಳಬೇಕು. ಸೊಲ್ಲಾಪುರದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ಅಕ್ಕಲಕೋಟಕ್ಕೆ ದೂರವಲ್ಲ. ಪುಣೆಯಲ್ಲಿ ಡಾ. ಅನಿಲ ಅವಚಟ ಮತ್ತು ಅವರ ಪತ್ನಿ 1986ರಲ್ಲಿ ಆರಂಭಿಸಿದ ಮುಕ್ತಾಂಗಣ ಕೇಂದ್ರವಿದೆ. ಸಾಹಿತಿ ಪು. ಲ. ದೇಶಪಾಂಡೆ ದಂಪತಿಗಳು ಅದಕ್ಕೆ ಮೊದಲ ನೆರವು ಕೊಟ್ಟವರು. 14446 ಎಂಬುದು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. ಫೋನಿಗೆ ಖರ್ಚಿಲ್ಲ.

ಇನ್ನು ಅಂಗಡಿಯ ಮಾತು. ಮಹಾರಾಷ್ಟ್ರದಲ್ಲಿ 2012ರಲ್ಲಿ, ಕರ್ನಾಟಕದಲ್ಲಿ 2013ರಲ್ಲಿ ಗುಟಕಾ ನಿಷೇಧವಾಯಿತು. ಆದರೂ ಗಡಿಯ ದಾರಿಯಲ್ಲಿ ಗುಟಕಾ ಹಿಡಿದ ಸುದ್ದಿ ಆಗಾಗ ಓದುತ್ತೇವೆ. ನಿಷೇಧವಾದ ಮಾಲಿನಲ್ಲಿ ಲಾಭ ಹೆಚ್ಚು, ಆದ್ದರಿಂದಲೇ ಅದು ಗಲ್ಲೆಯ ಕೆಳಗಿನಿಂದ ಮಾರಾಟವಾಗುತ್ತದೆ. ಹಾಗೆ ಮಾರುವವರಲ್ಲಿ ನಮ್ಮವರು ಯಾರೂ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ಕಪ್ಪು ಬೆಲ್ಲವಿರಲಿ, ಗುಟಕಾ ಇರಲಿ, ಇನ್ನೊಬ್ಬರ ಮಗನ ಆರೋಗ್ಯ ಮಾರಿ ಬಂದ ರೊಕ್ಕದಲ್ಲಿ ನಮ್ಮ ಮಗನನ್ನು ಓದಿಸಬೇಕಾಗಿಲ್ಲ. ಅಂಗಡಿಯ ಆಳು ಕುಡಿದು ಬಂದರೆ ಅಂದೇ ಲೆಕ್ಕ ಚುಕ್ತಾ ಮಾಡಿ ಕಳಿಸುವ ಬದಲು ಒಮ್ಮೆ ದವಾಖಾನೆಗೆ ಕರೆದೊಯ್ಯೋಣ.

ಅಕ್ಕಲಕೋಟದ ಹುಡುಗನನ್ನು ಆ ವಾರವೇ ಸರಕಾರಿ ದವಾಖಾನೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋದೆವು. ಪೊಲೀಸರು ಬರಲಿಲ್ಲ. ಈ ಎರಡು ವರ್ಷಗಳಲ್ಲಿ ಅವನು ಎರಡು ಸಲ ಎಡವಿದ, ಎರಡು ಸಲವೂ ತಾನೇ ಬಂದು ತಂದೆಗೆ ಹೇಳಿದ. ಹೇಳಿದ್ದಕ್ಕೆ ಮನೆಯಲ್ಲಿ ಯಾರೂ ಕೈ ಎತ್ತಲಿಲ್ಲ. ಅಕ್ಕನ ಲಗ್ನ ಕಳೆದ ವೈಶಾಖದಲ್ಲಿ ಆಯಿತು. ಬೀಗರಿಗೆ ಎಲ್ಲವನ್ನೂ ಮೊದಲೇ ತಿಳಿಸಿದ್ದರು. ಬೀಗರ ಮನೆಯ ಅಜ್ಜಿ, “ನಮ್ಮ ಮನ್ಯಾಗೂ ಒಬ್ಬಾಂವ ಹಿಂಗ ಇದ್ದ. ನಾವು ಮುಚ್ಚಿಟ್ವಿ, ಹೋಗಿಬಿಟ್ಟ” ಎಂದರಂತೆ.

ಈಗ ಹುಡುಗ ಅಂಗಡಿಯಲ್ಲಿ ಕುಳಿತು ತೂಕ ಮಾಡುತ್ತಾನೆ. ಹೋದ ತಿಂಗಳು ನಾವು ಹೋದಾಗ ತಂದೆ ಒಳಗೆ ಮಲಗಿದ್ದರು. ಗಲ್ಲಾಪೆಟ್ಟಿಗೆಯ ಕೀಲಿಕೈ ಮಗನ ಸೊಂಟದಲ್ಲಿತ್ತು.